ಗುಡ್ಡದ ಚೌಡಿಕೆ, ಮುಂಬೈ ಲೋಕಲ್

ನವರಾತ್ರಿಯಲ್ಲಿ ಮುಂಬೈ ಲೋಕಲ್ ರೈಲಿನ ಮಹಿಳಾ ಬೋಗಿ ಹತ್ತಿ ನೋಡಬೇಕು. ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ. ಇವತ್ತು ಹಳದಿ ಎಂದರೆ ಬೋಗಿಯೆಲ್ಲ ಹಳದಿ, ನಾಳೆ ಹಸಿರು ಎಂದರೆ ಎಲ್ಲರೂ ಹಸಿರು. ಬ್ಯಾಂಕಿನ ಮ್ಯಾನೇಜರೂ ಅದೇ ಬಣ್ಣ, ಮನೆಗೆಲಸಕ್ಕೆ ಹೋಗುವ ಮಾವಶಿಯೂ ಅದೇ ಬಣ್ಣ. ನಾನು ಡೊಂಬಿವಲಿಯಲ್ಲಿ ಹತ್ತಿ, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿಯ ಕಚೇರಿಗೆ ಹೋಗುವವಳು. ನಿಲ್ಲಲೂ ಜಾಗವಿಲ್ಲದ ಆ ಗಾಡಿಯಲ್ಲಿ ಅವರು ದೇವಿಯ ಫೋಟೊ ಕಟ್ಟಿ, ಹೂ ಏರಿಸಿ, ಆರತಿ ಹಾಡುತ್ತಾರೆ. ಹೇಗೆ ಸಾಧ್ಯ ಎಂದು ಕೇಳಬೇಡಿ. ಮುಂಬೈಯಲ್ಲಿ ಅದೆಲ್ಲ ಸಾಧ್ಯ.

ಒಮ್ಮೆ ಹಾಗೇ ಆರತಿ ಮುಗಿಯಿತು. ಕಾಲೇಜು ಹುಡುಗಿಯೊಬ್ಬಳು ಕೈಯಲ್ಲಿದ್ದ ಪುಟ್ಟ ಸ್ಪೀಕರಿನಲ್ಲಿ ಹಾಡು ಹಚ್ಚಿದಳು. ಒಂದು ಗಂಡು ದನಿ, ಏರುವ ಮೇಳ, ನಡುನಡುವೆ ‘ಉದೋ’ ಎಂಬ ಕೂಗು. ಆ ದನಿಯ ತಳದಲ್ಲಿ ಇನ್ನೊಂದು ಸದ್ದು ಇತ್ತು. ತಂತಿಯೂ ಹೌದು, ಚರ್ಮವೂ ಹೌದು ಎನ್ನುವಂಥ, ಬಾಗಿ ಬಾಗಿ ಮೇಲೇಳುವ ಸದ್ದು. ಅಕ್ಷರ ಕಲಿಯುವ ಮೊದಲೇ ನನಗೆ ಪರಿಚಯವಿದ್ದ ಸದ್ದು ಅದು. ಮೈ ಮೇಲೆ ಮುಳ್ಳೆದ್ದಿತು. ಜೊತೆಗೇ ಸಣ್ಣಗೆ ಹೆದರಿಕೆಯೂ ಆಯಿತು. ಆ ಹೆದರಿಕೆಯ ಕಥೆಯನ್ನು ಮುಂದೆ ಹೇಳುತ್ತೇನೆ.

ಪಕ್ಕದಲ್ಲಿದ್ದ ಕೊಲ್ಹಾಪುರದ ಗೆಳತಿಯನ್ನು ಯಾವ ಹಾಡು ಎಂದು ಕೇಳಿದೆ. ‘ಲಲ್ಲಾಟಿ ಭಂಡಾರ. ಜೋಗವಾ ಸಿನಿಮಾದ್ದು. ಅಜಯ್–ಅತುಲ್! ಇಷ್ಟು ವರ್ಷ ಇಲ್ಲಿದ್ದೂ ಗೊತ್ತಿಲ್ವಾ?’ ಎಂದಳು.

‘ಹಾಡು ಗೊತ್ತಿಲ್ಲ. ಆದರೆ ಈ ಸದ್ದು ನಮ್ಮ ಗುಡ್ಡದ್ದು. ಸವದತ್ತಿ ಯಲ್ಲಮ್ಮನ ಗುಡ್ಡದ್ದು’ ಎಂದೆ.

ಆಕೆ ನಕ್ಕಳು. ‘ಸರಿ ಬಿಡು. ಗುಡ್ಡ ನಿಮ್ಮದು, ಹಾಡು ನಮ್ಮದು.’

ಗಡಿ ವಿವಾದಕ್ಕೆ ಇಷ್ಟು ಸಲೀಸಾದ ತೀರ್ಪನ್ನು ನಾನು ಬೇರೆಲ್ಲೂ ಕೇಳಿಲ್ಲ. ಅಂದು ರಾತ್ರಿಯೇ ಆ ಸಿನಿಮಾ ನೋಡಿದೆ. ಬಳಿಕ ಆ ಸೋದರರ ಹಾಡುಗಳನ್ನು ಒಂದೊಂದಾಗಿ ಹುಡುಕಿ ಕೇಳತೊಡಗಿದೆ.

ವಾದ್ಯವಿಲ್ಲದ ಮನೆಯ ಹುಡುಗರು

ಅತುಲ್ ಗೋಗಾವಲೆ ಅಣ್ಣ, ಅಜಯ್ ತಮ್ಮ. ಪುಣೆ ಕಡೆಯವರು. ತಂದೆ ಕಂದಾಯ ಇಲಾಖೆಯ ನೌಕರರು. ಅವರಿಗೆ ವರ್ಗವಾದಂತೆಲ್ಲ ಶಿರೂರು, ಜುನ್ನರ್, ಘೋಡೆಗಾಂವ್ ಎಂದು ಸಂಸಾರವೂ ಊರು ಬದಲಿಸಿತು. ಮನೆಯಲ್ಲಿ ಸಂಗೀತದ ಹಿನ್ನೆಲೆಯಿಲ್ಲ. ಗುರುವಿನ ಮುಂದೆ ಕುಳಿತು ಕ್ರಮಬದ್ಧವಾಗಿ ಕಲಿತದ್ದೂ ಇಲ್ಲ. ವಾದ್ಯ ಕೊಳ್ಳುವ ಶಕ್ತಿಯೂ ಇರಲಿಲ್ಲ. ಯಾರ ಹತ್ತಿರ ವಾದ್ಯವಿದೆಯೋ ಅವರ ಸ್ನೇಹ ಮಾಡುವುದು, ಗುಡಿಯಲ್ಲೋ ಶಾಲೆಯಲ್ಲೋ ಬ್ಯಾಂಡಿನವರ ಹತ್ತಿರವೋ ಕೈಗೆ ಸಿಕ್ಕಿದ್ದನ್ನು ನುಡಿಸಿ ನೋಡುವುದು, ಇದೇ ಅವರ ಸಂಗೀತ ಶಾಲೆ. ಸ್ವಂತದ್ದೆಂದು ಕೀಬೋರ್ಡ್ ಮನೆಗೆ ಬಂದದ್ದು ಬಹಳ ತಡವಾಗಿ.

ಬಡತನದ ಕಥೆಯನ್ನು ನಾವು ಸಾಧನೆಯ ಮುನ್ನುಡಿಯಂತೆ ಓದಿ ಮುಂದೆ ಹೋಗುತ್ತೇವೆ. ಇಲ್ಲಿ ಮಾತ್ರ ಅದಕ್ಕೆ ಬೇರೆ ಅರ್ಥವಿದೆ ಎಂದು ನನಗೆ ತೋರುತ್ತದೆ. ಪುಣೆ ಸೀಮೆಯ ಸಣ್ಣ ಊರುಗಳಲ್ಲಿ ಹಾಗೆ ಅಲೆದ ಹುಡುಗರ ಕಿವಿಗೆ ಬಿದ್ದಿರಬಹುದಾದದ್ದು ಏನೇನು? ಗೊಂದಲಿಗರ ಸಂಬಳ, ವಾರಕರಿಗಳ ತಾಳ, ತಮಾಷಾದ ಢೋಲ್ಕಿ, ಮದುವೆಯ ಬ್ಯಾಂಡು. ತಂದೆಗೆ ಒಂದೇ ಊರಿನಲ್ಲಿ ನೌಕರಿ ಇದ್ದು, ಮಕ್ಕಳು ಒಳ್ಳೆಯ ಕ್ಲಾಸಿಗೆ ಸೇರಿದ್ದರೆ ಚೆನ್ನಾಗಿ ಕಲಿಯುತ್ತಿದ್ದರು, ನಿಜ. ಆದರೆ ಇದನ್ನೆಲ್ಲ ಹೊರಗಿನ ಗದ್ದಲವೆಂದು ಕಿಟಕಿ ಮುಚ್ಚಿಕೊಳ್ಳುತ್ತಿದ್ದರೋ ಏನೋ.

ಹೊಸ ಶತಮಾನದ ಆರಂಭದಲ್ಲಿ ‘ವಿಶ್ವವಿನಾಯಕ’ ಎಂಬ ಗಣೇಶನ ಹಾಡುಗಳ ಆಲ್ಬಂ ಬಂತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಶಂಕರ್ ಮಹಾದೇವನ್ ಅದರಲ್ಲಿ ಹಾಡಿದ್ದರು. ಹೆಸರು ಹಬ್ಬಿತು. 2004ರಲ್ಲಿ ‘ಅಗಬಾಯಿ ಅರೇಚ್ಚಾ’, 2006ರಲ್ಲಿ ‘ಜತ್ರಾ’. ಜತ್ರಾದ ‘ಕೋಂಬಡಿ ಪಳಾಲಿ’ ಹಾಡು ನಿಮಗೆ ಗೊತ್ತಿಲ್ಲದಿದ್ದರೂ ಅದರ ರಾಗ ಖಂಡಿತ ಗೊತ್ತು. 2012ರ ‘ಅಗ್ನಿಪಥ್’ನಲ್ಲಿ ‘ಚಿಕನಿ ಚಮೇಲಿ’ಯಾಗಿ ದೇಶವನ್ನೆಲ್ಲ ಕುಣಿಸಿದ್ದು ಅದೇ. 2010ರ ಹೊಸ ವರ್ಷದ ದಿನ ತೆರೆಕಂಡ ‘ನಟರಂಗ’ದಲ್ಲಿ ಲಾವಣಿಗೆ ಹೊಸ ಪ್ರಾಯ ಬಂತು. 2016ರಲ್ಲಿ ನಾಗರಾಜ ಮಂಜುಳೆಯವರ ‘ಸೈರಾಟ್’. ಅದರ ‘ಝಿಂಗಾಟ್’ ಇಲ್ಲದೆ ಮುಂಬೈಯಲ್ಲಿ ಗಣಪತಿಯ ಮೆರವಣಿಗೆಯೂ ಇಲ್ಲ, ಹಳದಿ ಶಾಸ್ತ್ರವೂ ಇಲ್ಲ ಎನ್ನುವಂತಾಯಿತು. ಮರುವರ್ಷ ಅದೇ ಸಿನಿಮಾ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ಬಂದಾಗ ನಾಯಕಿ ರಿಂಕು ರಾಜಗುರು ಜೊತೆಗೆ ಸಂಗೀತವೂ ಗಡಿ ದಾಟಿತು.

ಜಿ.ಕೆ. ವೆಂಕಟೇಶರ ಮೊಮ್ಮಕ್ಕಳು

ಇವರ ಸಂಗೀತದಲ್ಲಿ ಎರಡು ಪದರಗಳಿವೆ. ಕೆಳಗೆ ಮಣ್ಣಿನ ತಾಳ, ಮೇಲೆ ಹತ್ತಾರು ಪಿಟೀಲುಗಳ ಪ್ರವಾಹ. ಸೈರಾಟ್ ಸಿನಿಮಾದ ಸಂಗೀತಕ್ಕಾಗಿ ಅವರು ಲಾಸ್ ಏಂಜಲೀಸ್‌ನ ಸೋನಿ ಸ್ಕೋರಿಂಗ್ ಸ್ಟೇಜಿಗೆ ಹೋಗಿ ಪೂರ್ಣ ಸಿಂಫನಿ ವಾದ್ಯವೃಂದವನ್ನು ನುಡಿಸಿದರು. ಸೊಲ್ಲಾಪುರ ಜಿಲ್ಲೆಯ ಕರಮಾಳದ ಬಾವಿಯಲ್ಲಿ ಈಜುವ ಹುಡುಗ ಹುಡುಗಿಯರ ಪ್ರೀತಿಗೆ ಹಾಲಿವುಡ್‌ನ ಕಲಾವಿದರು ಕಮಾನು ಎಳೆದರು. ಇದು ಬರೀ ಶೋಕಿಯಲ್ಲ. ಸಿನಿಮಾಗಳಲ್ಲಿ ಹಳ್ಳಿಯ ಪ್ರೀತಿಗೆ ಹಲಗೆಯ ಬಡಿತ, ಶ್ರೀಮಂತರ ಪ್ರೀತಿಗೆ ಪಿಟೀಲು ಎಂಬ ಅಲಿಖಿತ ನಿಯಮವೊಂದಿದೆ. ಅದನ್ನು ಮುರಿಯಲು ಅಷ್ಟು ದೂರ ಹೋಗಿದ್ದರು ಅಂತಲೇ ನಾನು ಭಾವಿಸಿದ್ದೇನೆ.

ಆ ಪಿಟೀಲುಗಳ ಪಾಠ ಎಲ್ಲಿಂದ ಬಂತು? ಸೋದರರೇ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳುವ ಹೆಸರು ಇಳಯರಾಜ. ಹಳ್ಳಿಯ ರಾಗದ ಕೆಳಗೆ ಪಾಶ್ಚಾತ್ಯ ಸ್ವರಮೇಳವನ್ನು ಹಾಸುವುದು, ಎರಡಕ್ಕೂ ಅವಮಾನವಾಗದಂತೆ ಹಾಸುವುದು ಅವರ ದಾರಿ. ನಮಗೆ ಕನ್ನಡಿಗರಿಗೆ ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಸಿನಿಮಾಗಳಿಂದ ಅವರು ಮನೆಯವರೇ ಆಗಿದ್ದಾರೆ. ಆದರೆ ಅದಕ್ಕೂ ಹಿಂದಿನ ಒಂದು ಕೊಂಡಿ ನಮ್ಮಲ್ಲಿ ಅನೇಕರಿಗೆ ಮರೆತಿದೆ. ಇಳಯರಾಜ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಮದ್ರಾಸಿನಲ್ಲಿ ಸಹಾಯಕರಾಗಿ ದುಡಿದದ್ದು ನಮ್ಮ ಜಿ.ಕೆ. ವೆಂಕಟೇಶರ ಬಳಿ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ದ ಜಿ.ಕೆ. ವೆಂಕಟೇಶ್. ‘ಸನಾದಿ ಅಪ್ಪಣ್ಣ’ದಲ್ಲಿ ಊರ ಸನಾದಿಗೆ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಯ ಉಸಿರು ಕೊಡಿಸಿದ ವೆಂಕಟೇಶ್.

ಹಾಗಾಗಿ ಕೊಲ್ಹಾಪುರದ ಗೆಳತಿ ‘ಹಾಡು ನಮ್ಮದು’ ಎಂದಾಗ ನಾನು ವಾದಕ್ಕೆ ನಿಲ್ಲಬಹುದಿತ್ತು. ಅಜಯ್–ಅತುಲ್ ಸಂಗೀತದ ವಂಶಾವಳಿಯಲ್ಲಿ ಒಬ್ಬ ಕನ್ನಡದ ಅಜ್ಜನಿದ್ದಾನೆ ಎನ್ನಬಹುದಿತ್ತು. ಅನ್ನಲಿಲ್ಲ. ಏಕೆಂದರೆ ಜೋಗವಾ ಕೆದಕಿದ್ದು ಇದಕ್ಕಿಂತ ಹಳೆಯ ನೆನಪೊಂದನ್ನು.

ಜೋಗ ಬೇಡುವವರು

ರಾಜೀವ್ ಪಾಟೀಲ್ ನಿರ್ದೇಶನದ ‘ಜೋಗವಾ’ 2009ರಲ್ಲಿ ತೆರೆಕಂಡ ಮರಾಠಿ ಸಿನಿಮಾ. ಅದಕ್ಕೆ ಮುಖ್ಯ ಆಧಾರ ರಾಜನ್ ಗವಸ್ ಅವರ ‘ಚೌಂಡಕಂ’, ‘ಭಂಡಾರಭೋಗ’ ಕಾದಂಬರಿಗಳು. ಕಥೆ ನಮ್ಮ ಗಡಿಯ ಆಚೀಚೆಯದು. ಸುಳಿ ಎಂಬ ಹುಡುಗಿಯ ತಲೆಯಲ್ಲಿ ಜಡೆ ಕಟ್ಟುತ್ತದೆ. ದೇವಿ ಕರೆದಳು ಎಂದು ಮನೆಯವರು ಅವಳನ್ನು ಯಲ್ಲಮ್ಮನಿಗೆ ಬಿಟ್ಟು ಜೋಗತಿ ಮಾಡುತ್ತಾರೆ. ತಾಯಪ್ಪ ಎಂಬ ಯುವಕನ ಮೂತ್ರದಲ್ಲಿ ರಕ್ತ ಬರುತ್ತದೆ. ಅದೂ ದೇವಿಯ ಕರೆಯಂತೆ. ಅವನಿಗೆ ಸೀರೆ ಉಡಿಸಿ ಜೋಗಪ್ಪನನ್ನಾಗಿ ಮಾಡುತ್ತಾರೆ. ಇಬ್ಬರಿಗೂ ಬೇಡವಾಗಿದ್ದ ಬದುಕು. ಆ ಬದುಕಿನ ನಡುವೆ ಅವರಿಬ್ಬರಲ್ಲಿ ಪ್ರೀತಿ ಹುಟ್ಟುತ್ತದೆ.

ಸಿನಿಮಾದ ಹೆಸರಿಗೆ ನನಗೆ ಅನುವಾದ ಬೇಕಾಗಲಿಲ್ಲ. ಜೋಗ ಬೇಡುವುದು ಎಂದರೆ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಮಂಗಳವಾರ, ಶುಕ್ರವಾರ ಪಡಲಗಿ ಹಿಡಿದು ಐದು ಮನೆ ಬೇಡಬೇಕು. ಭಂಡಾರ ಎಂದರೂ ಅದೇ ಅರಿಸಿನ, ಲಲ್ಲಾಟ ಎಂದರೂ ಅದೇ ಹಣೆ. ಅವರ ಉದೋ ನಮ್ಮ ಉಧೋ. ಸಬ್‌ಟೈಟಲ್ ಇಲ್ಲದೆ ಮರಾಠಿ ಸಿನಿಮಾ ನೋಡಿ ಅತ್ತದ್ದು ಅದೇ ಮೊದಲು.

ನಮ್ಮೂರು ರಾಮದುರ್ಗ ತಾಲ್ಲೂಕಿನ ಒಂದು ಹಳ್ಳಿ. ಭಾರತ ಹುಣ್ಣಿಮೆ ಹತ್ತಿರ ಬಂದರೆ ಊರ ಮುಂದಿನ ರಸ್ತೆಯಲ್ಲಿ ಹಗಲು ರಾತ್ರಿ ಚಕ್ಕಡಿಗಳು. ಎತ್ತಿನ ಕೊರಳ ಗಂಟೆ, ಕಂದೀಲಿನ ಬೆಳಕು, ಯಾವುದೋ ಚಕ್ಕಡಿಯೊಳಗಿಂದ ಚೌಡಿಕೆ ಪದ. ಗುಡ್ಡದ ಮೇಲೆ ಹೋದರೆ ಅರ್ಧ ಮಂದಿ ಕೊಲ್ಹಾಪುರ, ಸಾಂಗಲಿ ಕಡೆಯವರು. ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳ ಸಾಲು ಸಾಲು. ಜೋಗುಳ ಬಾವಿಯಲ್ಲಿ ಮಿಂದು ಬೆಟ್ಟ ಹತ್ತುವಾಗ ಯಾರು ಯಾವ ಭಾಷೆಯವರು ಎಂದು ಗೊತ್ತಾಗುತ್ತಿರಲಿಲ್ಲ. ಎಲ್ಲರ ಮುಖವೂ ಭಂಡಾರದಲ್ಲಿ ಒಂದೇ ಬಣ್ಣ. ಗುಡ್ಡ ನಿಮ್ಮದು, ಹಾಡು ನಮ್ಮದು ಎಂಬ ತೀರ್ಪು ಅಲ್ಲಿ ನಡೆಯುವುದಿಲ್ಲ. ಗುಡ್ಡಕ್ಕೂ ಹಾಡಿಗೂ ಎರಡೂ ಕಡೆಯವರು ವಾರಸುದಾರರು.

ಆದರೆ ಒಂದು ಮಾತು ಸ್ಪಷ್ಟವಾಗಲಿ. ಆ ಚಕ್ಕಡಿಗಳ ಜೊತೆ ಕಟ್ಟಳೆಯೊಂದೂ ಗುಡ್ಡ ಹತ್ತುತ್ತಿತ್ತು. ಬಡವರ ಮನೆಯ, ಅದರಲ್ಲೂ ದಲಿತರ ಮನೆಯ ಹೆಣ್ಣುಮಕ್ಕಳಿಗೆ ಕೊರಳಲ್ಲಿ ಮುತ್ತು ಕಟ್ಟಿ ದೇವಿಯ ಹೆಸರಿನಲ್ಲಿ ಬಿಡುತ್ತಿದ್ದರು. ಹಾಗೆ ಬಿಟ್ಟ ಎಷ್ಟೋ ಹುಡುಗಿಯರನ್ನು ಬೆಳಗಾವಿ ಸೀಮೆಯಿಂದ ತಂದು ಮಾರಿದ್ದು ಇದೇ ಮುಂಬೈಯ ಕಾಮಾಠಿಪುರದಲ್ಲಿ. ಕರ್ನಾಟಕ 1982ರಲ್ಲಿ ಕಾನೂನು ಮಾಡಿ ಈ ಪದ್ಧತಿಯನ್ನು ನಿಷೇಧಿಸಿತು. ಮಹಾರಾಷ್ಟ್ರ 2005ರಲ್ಲಿ ಹೊಸ ಕಾನೂನು ತಂದಿತು. ನಾನು ಎಂಜಿನಿಯರ್ ಆಗಿ ಈ ಊರಿಗೆ ಬರುವ ಮೊದಲು ನಮ್ಮ ಕಡೆಯಿಂದ ಈ ಊರಿಗೆ ಬಂದ ಹೆಣ್ಣುಮಕ್ಕಳು ಇವರು. ಗ್ರ್ಯಾಂಟ್ ರೋಡ್ ಸ್ಟೇಷನ್ ದಾಟುವಾಗ ಈಗಲೂ ನನಗೆ ಅದರ ನೆನಪಾಗುತ್ತದೆ.

ಕತ್ತರಿ

ಇನ್ನು ಆ ಹೆದರಿಕೆಯ ಕಥೆ.

ನನಗಾಗ ಆರು ವರ್ಷ. ಟೈಫಾಯ್ಡ್ ಆಗಿ ತಿಂಗಳುಗಟ್ಟಲೆ ಮಲಗಿದ್ದೆ. ತಲೆಗೆ ನೀರಿಲ್ಲ, ಬಾಚಣಿಗೆಯಿಲ್ಲ. ಎದ್ದು ಕೂರುವ ಹೊತ್ತಿಗೆ ಹಿಂದಲೆಯ ಕೂದಲು ಗಂಟುಗಂಟಾಗಿ ಅಂಟಿಕೊಂಡು ಹಗ್ಗದಂತಾಗಿತ್ತು. ಆಯಿ, ಅಂದರೆ ನಮ್ಮಪ್ಪನ ತಾಯಿ, ಅದನ್ನು ಮುಟ್ಟಿ ನೋಡಿ ಕೈಮುಗಿದಳು. ‘ಜಡಿ ಬಂದಾವ. ಎಲ್ಲವ್ವ ಕರಿಯಾಕತ್ತಾಳ. ಯಾರೂ ಕತ್ತರಿ ಹಚ್ಚಬ್ಯಾಡ್ರಿ, ಮನಿಗೆ ಒಳ್ಳೇದಲ್ಲ’ ಅಂದಳು. ಓಣಿಯ ಹೆಂಗಸರು ಬಂದು ನನಗೆ ಅರಿಸಿನ ಹಚ್ಚಿ ಹೋದರು. ನನಗೆ ಅದೆಲ್ಲ ಸಂಭ್ರಮ. ಜ್ವರದಲ್ಲಿ ಮೂಲೆ ಹಿಡಿದಿದ್ದವಳಿಗೆ ಒಮ್ಮೆಗೇ ಎಲ್ಲರೂ ನಮಸ್ಕಾರ ಮಾಡತೊಡಗಿದರೆ ಸಂಭ್ರಮವಾಗದೆ ಇನ್ನೇನು? ಒಬ್ಬ ಜೋಗವ್ವ ಬಂದು ಚೌಡಿಕೆ ನುಡಿಸಿ ಹಾಡಿದಳು. ನಾನು ಅವಳ ತೊಡೆಯ ಮೇಲೆ ಕುಳಿತು ಆ ತಂತಿ ಎಳೆದು ನೋಡಿದೆ.

ಅವ್ವ ಒಂದು ಮಾತೂ ಆಡಲಿಲ್ಲ. ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ, ಅಪ್ಪ ಬಟ್ಟೆ ಹೊಲಿಯಲು ಬಳಸುತ್ತಿದ್ದ ದೊಡ್ಡ ಕತ್ತರಿಯಿಂದ ಆ ಗಂಟನ್ನು ಬುಡಸಮೇತ ಕತ್ತರಿಸಿದಳು. ಅವಳ ಕೈ ನಡುಗುತ್ತಿದ್ದದ್ದು ನನ್ನ ಕಿವಿಗೆ ತಾಗಿದ ಕತ್ತರಿಯಿಂದ ಗೊತ್ತಾಗುತ್ತಿತ್ತು. ಅವಳಿಗೂ ದೇವಿಯ ಭಯ ಇತ್ತು. ನಂಬಿಕೆಯಿಲ್ಲದವಳು ಧೈರ್ಯ ಮಾಡುವುದು ಬೇರೆ, ನಂಬುವವಳು ಧೈರ್ಯ ಮಾಡುವುದು ಬೇರೆ. ಬೆಳಿಗ್ಗೆ ಆಯಿ ರಂಪ ಮಾಡಿದಳು. ಎರಡು ವರ್ಷ ಅತ್ತೆ ಸೊಸೆ ಮಾತಾಡಲಿಲ್ಲ. ಅಂದಿನಿಂದ ಚೌಡಿಕೆಯವರು ಬಂದರೆ ಅವ್ವ ನನ್ನನ್ನು ಒಳಗೆ ಕಳಿಸಿ ಬಾಗಿಲು ಹಾಕುತ್ತಿದ್ದಳು. ದಿನಾ ಎಣ್ಣೆ ಹಾಕಿ ಎರಡು ಜಡೆ ಬಿಗಿದು ಶಾಲೆಗೆ ಅಟ್ಟುತ್ತಿದ್ದಳು.

ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಸ್ಥಾಪಿಸಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆಯರು ಇವತ್ತಿಗೂ ಹಳ್ಳಿ ಹಳ್ಳಿಗೆ ಹೋಗಿ ಮನೆಯವರ ಮನವೊಲಿಸಿ ಇಂಥ ಜಡೆಗಳನ್ನು ಕತ್ತರಿಸುತ್ತಾರೆ. ಒಂದೊಂದು ಜಡೆಗೆ ಎಷ್ಟೋ ದಿನದ ಮಾತುಕತೆ ಬೇಕಾಗುತ್ತದಂತೆ. ಅವ್ವನಿಗೆ ಯಾವ ಸಮಿತಿಯ ಹೆಸರೂ ಗೊತ್ತಿರಲಿಲ್ಲ.

ಆದ್ದರಿಂದ ತೆರೆಯ ಮೇಲೆ ಸುಳಿಯ ತಲೆಯಲ್ಲಿ ಜಡೆ ಕಂಡಾಗ ನನ್ನ ಕೈ ತಾನಾಗಿ ಹಿಂದಲೆಗೆ ಹೋಯಿತು. ನನ್ನ ಮತ್ತು ಆ ಹುಡುಗಿಯ ನಡುವಿನ ಅಂತರ ಒಂದು ಕತ್ತರಿಯಷ್ಟೇ.

ಒಂದೇ ತಂತಿ

ಎಂಟೆಕ್‌ನಲ್ಲಿ ನನ್ನ ವಿಷಯ ಸಿಗ್ನಲ್ ಪ್ರೊಸೆಸಿಂಗ್. ಈಗಲೂ ಧ್ವನಿಗೆ ಸಂಬಂಧಿಸಿದ ಸಾಫ್ಟ್‌ವೇರ್ ಕೆಲಸವೇ. ಆ ಸಿನಿಮಾ ನೋಡಿದ ಮೇಲೆ ಬಿಡುವಿನಲ್ಲಿ ಚೌಡಿಕೆಯ ಸದ್ದನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಎಂಜಿನಿಯರಿಗೆ ಅಷ್ಟು ಖುಷಿ ಕೊಡುವ ವಾದ್ಯ ಇನ್ನೊಂದಿಲ್ಲ.

ರಚನೆ ಬಹಳ ಸರಳ. ಒಂದು ಟೊಳ್ಳು ಕೊಳಗ. ಅದರ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ಬಾಯಿ ತೆರೆದಿರುತ್ತದೆ. ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ ಪಕ್ಕದಲ್ಲಿ ಕಟ್ಟಿದ ಕೋಲಿಗೆ ಸೇರುತ್ತದೆ. ಕೊಳಗವನ್ನು ಕಂಕುಳಲ್ಲಿ ಇಟ್ಟುಕೊಂಡು ತಂತಿ ಮೀಟಿದರೆ ಕಂಪನ ನೇರ ಚರ್ಮಕ್ಕೆ ಹೋಗುತ್ತದೆ. ತಂತಿಯ ಬಿಗಿ ಕೊಂಚ ಬದಲಾದರೂ ಸ್ವರ ಜಾರುತ್ತದೆ. ಹಾಗಾಗಿ ಇದು ತಂತಿವಾದ್ಯವೂ ಹೌದು, ತಾಳವಾದ್ಯವೂ ಹೌದು. ಶ್ರುತಿ ಪತ್ತೆ ಮಾಡುವ ನನ್ನ ಪ್ರೋಗ್ರಾಂ ಪಾಪ ಒದ್ದಾಡಿತು. ಒಮ್ಮೆ ಸ್ವರ ಎಂದಿತು, ಒಮ್ಮೆ ಬರೀ ಬಡಿತ ಎಂದಿತು. ಪರದೆಯ ಮೇಲಿನ ಗೆರೆ ಹಾವಿನ ಹಾಗೆ ಮೇಲೆ ಕೆಳಗೆ ಹರಿಯಿತು. ಕೀಬೋರ್ಡಿನ ಯಾವ ಮನೆಯಲ್ಲೂ ಕೂರದ ಸ್ವರ ಅದು.

ಅಜಯ್–ಅತುಲ್ ಮಾಡಿದ್ದು ಏನೆಂದು ನನಗೆ ಅರ್ಥವಾದದ್ದು ಆಗ. ಇಂಥ ಸದ್ದನ್ನು ಸಿನಿಮಾದವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬಳಸುತ್ತಾರೆ. ಹಳ್ಳಿ ಬಂತು ಎಂದು ಹೇಳಲು ಎರಡು ಸೆಕೆಂಡು ನುಡಿಸಿ ಬಿಡುತ್ತಾರೆ. ಇಲ್ಲವೇ ಯಂತ್ರದಲ್ಲಿ ತಿದ್ದಿ ತೀಡಿ ಸ್ವರಕ್ಕೆ ಕೂರಿಸುತ್ತಾರೆ. ಇವರು ಆ ಎರಡನ್ನೂ ಮಾಡಲಿಲ್ಲ. ‘ಲಲ್ಲಾಟಿ ಭಂಡಾರ’ದಲ್ಲಿ ಮೇಳ ಒರಟಾಗಿಯೇ ಉಳಿಯಿತು. ಅಜಯ್ ಅದನ್ನು ಗುಡ್ಡದ ಮೇಲೆ ನಿಂತು ಕೂಗಿದ ಹಾಗೆ ಹಾಡಿದರು. ಅದೇ ಸಿನಿಮಾದಲ್ಲಿ ‘ಜೀವ್ ರಂಗಲಾ’ಗೆ ಬಂದರೆ ಕಥೆಯೇ ಬೇರೆ. ಹರಿಹರನ್ ಮತ್ತು ಶ್ರೇಯಾ ಘೋಷಾಲ್ ಮೆಲುದನಿಯಲ್ಲಿ ಹಾಡುತ್ತಾರೆ. ದೇವಿಗೆ ಬಿಟ್ಟವರೆಂದು ಊರು ದೂರ ಇಟ್ಟ ಇಬ್ಬರಿಗೆ ಎಲ್ಲ ಪ್ರೇಮಿಗಳಿಗೂ ಸಿಗುವಂಥ ಹಾಡು ಸಿಕ್ಕಿತು. ಒಂದು ಹಾಡು ದೇವಿಗೆ, ಇನ್ನೊಂದು ಆ ದೇವಿಯ ಹೆಸರಿನಲ್ಲಿ ಕಟ್ಟಿಹಾಕಿದ ಮನುಷ್ಯರಿಗೆ. ಎರಡಕ್ಕೂ ಅಷ್ಟೇ ಮರ್ಯಾದೆ.

ಮೂರು ಪ್ರಶಸ್ತಿಗಳು

ಜೋಗವಾ ಸಂಗೀತಕ್ಕೆ 2008ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಅತ್ಯುತ್ತಮ ಸಂಗೀತ ನಿರ್ದೇಶನ ಅಜಯ್–ಅತುಲ್ ಅವರಿಗೆ, ಗಾಯನ ಹರಿಹರನ್ ಮತ್ತು ಶ್ರೇಯಾ ಅವರಿಗೆ, ನಟನೆ ತಾಯಪ್ಪನಾಗಿದ್ದ ಉಪೇಂದ್ರ ಲಿಮಯೆ ಅವರಿಗೆ.

ಅದಾದ ಎಷ್ಟೋ ವರ್ಷಗಳ ನಂತರ, 2018ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರಿಗೆ ಪದ್ಮಶ್ರೀ ಬಂತು. ಏಳನೇ ವಯಸ್ಸಿನಲ್ಲಿ ದೇವಿಗೆ ಬಿಟ್ಟಿದ್ದ ಹುಡುಗಿ. ಬೆಳೆದು, ಘಟಪ್ರಭಾದ ಮಾಸ್ ಸಂಸ್ಥೆಯ ಮೂಲಕ ತನ್ನಂಥವರನ್ನೆಲ್ಲ ಸಂಘಟಿಸಿ, ಮುತ್ತು ಕಟ್ಟುವುದನ್ನು ತಡೆಯುತ್ತ ಊರೂರು ಅಲೆದವರು. ಮಾಜಿ ದೇವದಾಸಿಯರೇ ಕಟ್ಟಿ ಬೆಳೆಸಿದ ಸಂಸ್ಥೆ ಅದು. 2021ರಲ್ಲಿ ಇನ್ನೊಂದು ಪದ್ಮಶ್ರೀ, ಬಳ್ಳಾರಿ ಕಡೆಯ ಮಂಜಮ್ಮ ಜೋಗತಿ ಅವರಿಗೆ. ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಕಾಳವ್ವ ಜೋಗತಿ ಅವರಿಂದ ನೃತ್ಯ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದವರು. ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ಅವರ ದೃಷ್ಟಿ ತೆಗೆದ ಮಂಜಮ್ಮನ ವಿಡಿಯೊವನ್ನು ನೀವೂ ನೋಡಿರುತ್ತೀರಿ.

ಈ ಮೂರನ್ನೂ ನಾನು ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಸೀತವ್ವ ಕಟ್ಟಳೆಯನ್ನು ಕತ್ತರಿಸಿದರು. ಮಂಜಮ್ಮ ಕಲೆಯನ್ನು ಕೈಬಿಡದೆ ವೇದಿಕೆಗೆ ತಂದರು. ಅಜಯ್–ಅತುಲ್ ಆ ಸದ್ದನ್ನು ಮುಂಬೈಯ ಸ್ಟುಡಿಯೊಗೆ ಒಯ್ದು, ಗುಡ್ಡವನ್ನೇ ನೋಡದವರ ಕಿವಿಗೂ ತಲುಪಿಸಿದರು. ಸೀತವ್ವನ ಕೆಲಸ ನಡೆಯದಿದ್ದರೆ ಉಳಿದ ಎರಡನ್ನೂ ಹೊಗಳುವ ಹಕ್ಕು ನಮಗಿರುತ್ತಿರಲಿಲ್ಲ. ಒಳ್ಳೆಯ ಹಾಡು ಹುಟ್ಟಿತು ಎಂಬ ಕಾರಣಕ್ಕೆ ಒಂದು ಅನ್ಯಾಯವನ್ನು ಸಹಿಸಲಾಗದು. ಆದರೆ ಅನ್ಯಾಯದ ಮನೆಯಲ್ಲಿ ಹುಟ್ಟಿತು ಎಂದು ಹಾಡನ್ನೇ ಹೂಳುವುದೂ ಸರಿಯಲ್ಲ. ಆ ಹೆಣ್ಣ್ಮಕ್ಕಳ ಬದುಕಿನಲ್ಲಿ ಅವರದೇ ಎನ್ನಬಹುದಾದ ಒಂದೇ ವಸ್ತು ಅದಾಗಿತ್ತು.

ಒಂದು ಬೇಸರ ಮಾತ್ರ ಉಳಿಯುತ್ತದೆ. ಸಿನಿಮಾದ ಹಾಡಿಗೆ ಸಂಗೀತ ನಿರ್ದೇಶಕರ ಹೆಸರಿದೆ, ಗಾಯಕರ ಹೆಸರಿದೆ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡಿದ ಜೋಗವ್ವನ ಹೆಸರು ನನಗೇ ನೆನಪಿಲ್ಲ. ನಾವು ಅದನ್ನೆಲ್ಲ ‘ಜನಪದ’ ಎಂದು ಬರೆದು ಸುಮ್ಮನಾಗುತ್ತೇವೆ. ಹೊರನಾಡಿನಲ್ಲಿರುವ ನಮ್ಮ ಕೈಯಲ್ಲಿ ಒಳ್ಳೆಯ ಮೊಬೈಲುಗಳಿವೆ. ಊರಿಗೆ ಹೋದಾಗ ಮನೆಯ ಹಿರಿಯರು ಹಾಡುವ ಒಂದು ಪದವನ್ನು ಅವರ ಹೆಸರು, ಊರು ಹೇಳಿಸಿ ದಾಖಲಿಸಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ಇದನ್ನು ನಾನು ಶುರು ಮಾಡಿದ್ದೇನೆ. ಹೇಗೆಂದು ಹೇಳಿ ಮುಗಿಸುತ್ತೇನೆ.

ಅವ್ವನ ಪದ

ಕಳೆದ ಬೇಸಿಗೆಯಲ್ಲಿ ಅವ್ವ ಡೊಂಬಿವಲಿಗೆ ಬಂದಿದ್ದಳು. ನನ್ನ ಮಗಳಿಗೆ ಈಗ ಆರು ವರ್ಷ, ಸೊಂಟದವರೆಗೆ ಕೂದಲು. ಒಂದು ಭಾನುವಾರ ಅವ್ವ ಅವಳನ್ನು ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ಸಿಕ್ಕು ಬಿಡಿಸುತ್ತಿದ್ದಳು. ನಾನು ಅಡುಗೆ ಮನೆಯಲ್ಲಿದ್ದೆ. ಮೊಬೈಲಿನಲ್ಲಿ ಒಂದರ ಹಿಂದೊಂದು ಹಾಡು ಬರುತ್ತಿದ್ದವು. ‘ಲಲ್ಲಾಟಿ ಭಂಡಾರ’ ಶುರುವಾಯಿತು. ಬಂದ್ ಮಾಡಲು ಓಡಿ ಬಂದೆ.

‘ಇರ್ಲಿ ಬಿಡ, ಕೇಳೂಣು’ ಅಂದಳು ಅವ್ವ.

ಹಾಡು ಮುಗಿಯುವವರೆಗೂ ಅವಳ ಬಾಚಣಿಗೆ ನಿಂತಿತ್ತು. ಆಮೇಲೆ ಮತ್ತೆ ಬಾಚುತ್ತ ತನ್ನಷ್ಟಕ್ಕೆ ಗುನುಗತೊಡಗಿದಳು. ಸಿನಿಮಾದ ಹಾಡಲ್ಲ. ನಮ್ಮೂರ ಚೌಡಿಕೆ ಪದ. ಒಂದು ನುಡಿಯಲ್ಲ, ಪೂರ್ತಿ ಪದ. ನಾನು ನಿಂತಲ್ಲೇ ನಿಂತೆ. ಇಷ್ಟು ವರ್ಷದಲ್ಲಿ ಅವ್ವ ಇದನ್ನು ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

‘ಅವ್ವಾ, ನಿನಗ ಇದು ಬರತಿತ್ತೇನ?’

‘ಬರದೇನ? ಹೊಲದಾಗ ಕಳೆ ತಗಿಯೂಮುಂದ ಎಲ್ಲಾರೂ ಹಾಡತಿದ್ವಿ. ನಿನ್ನ ಮುಂದ ಹಾಡಲಿಲ್ಲ ಅಷ್ಟ. ಪದದ ಬೆನ್ನ ಹತ್ತಿ ಹೋದಿ ಅಂದ್ರ ಏನ್ ಮಾಡ್ಲಿ ಅಂತ ಅಂಜಿಕಿ ಇತ್ತು.’

‘ಈಗ?’

ಅವ್ವ ಮೊಮ್ಮಗಳ ಕೂದಲನ್ನು ಎರಡು ಭಾಗ ಮಾಡಿ ಹೆಣೆಯತೊಡಗಿದಳು. ‘ಈಗ ಯಾವ ಅಂಜಿಕಿ? ನೀ ಇಂಜಿನಿಯರ್ ಆದಿ. ಇಕಿ ಶಾಲಿಗೆ ಹೊಂಟಾಳ. ಆವತ್ತ ಕತ್ತರಿ ಹಚ್ಚಿದ್ದು ಕೂದ್ಲಿಗಿ. ಪದಾ ಏನ್ ಮಾಡಿತ್ತ, ಪಾಪ?’

ಮೊಬೈಲು ತೆಗೆದು ರೆಕಾರ್ಡಿಂಗ್ ಒತ್ತಿ, ಹೆಸರು, ಊರು ಹೇಳಿ ಇನ್ನೊಮ್ಮೆ ಹಾಡು ಎಂದೆ. ಅವ್ವ ನಾಚಿಕೊಂಡು, ‘ನಂದೆಂಥಾ ಹೆಸರ, ಸುಮ್ಮನಿರ’ ಅಂದಳು. ಮಗಳು ಅರ್ಧ ಹೆಣೆದ ಜಡೆಯಲ್ಲೇ ಹಿಂದೆ ತಿರುಗಿ, ಈ ಊರಿನ ಮಕ್ಕಳ ಕಲಬೆರಕೆ ಕನ್ನಡದಲ್ಲಿ, ‘ಆಜಿ, ಪರತ್ ಹಾಡು ನಾ’ ಅಂದಳು.

ಅವ್ವ ಮೊದಲು ತನ್ನ ಹೆಸರು ಹೇಳಿದಳು. ಆಮೇಲೆ ಊರು. ಆಮೇಲೆ ಹಾಡಿದಳು.